ಮೂರು ಚುಕ್ಕೆಯ ಮಹಾರಾಜರು

ತೊಂಬತ್ತರ ದಶಕದ ಕೊನೆಯಲ್ಲಿ, ಹೈಸ್ಕೂಲಿನಿಂದ ನಿವೃತ್ತನಾದ ಮೇಲೆ, ಮಹಾರಾಜರೊಬ್ಬರ ಪತ್ರಗಳನ್ನು ಪುಸ್ತಕ ಮಾಡುವ ಕೆಲಸಕ್ಕೆ ಸೇರಿಕೊಂಡೆ. ಕುಣಿಗಲ್ಲಿನ ಲಾಯದಲ್ಲಿ ಅರಮನೆಯ ಕುದುರೆಗಳನ್ನು ಪಳಗಿಸುತ್ತಿದ್ದ ಸಾಹೇಬರಿಗೆ ಅವರು ಖಾಸಗಿಯಾಗಿ ಬರೆದ ಪತ್ರಗಳು ಅವು. ಸಾಹೇಬರ ಮೊಮ್ಮಗಳು ನಂಬಿ ಕೊಟ್ಟಿದ್ದರು. ಸಂಪಾದಕ ನನ್ನ ಗೆಳೆಯ. ಗುಬ್ಬಿಯವನು, ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನು. ಕೆಲಸ ತುಮಕೂರಿನ ನನ್ನ ಮನೆಯಲ್ಲಿ. ತಿಂಡಿ ಮುಗಿಸಿ, ಕೈ ತೊಳೆದು ಒರೆಸಿಕೊಂಡು ನಾನು ಪ್ರತಿ ಮಾಡುವುದು. ಅವನು ಕೆಂಪು ಪೆನ್ನಿನಲ್ಲಿ ಹೊಡೆಯುವುದು. ಪುಸ್ತಕದ ಮೇಲೆ ಹೆಸರು ಮಾತ್ರ ಅವನೊಬ್ಬನದು.

ಅರಸರು ಸಿಟ್ಟಾದಲ್ಲೆಲ್ಲ ಅವನು ಆ ಮಾತು ತೆಗೆದು ಮೂರು ಚುಕ್ಕೆ ಇಡುತ್ತಿದ್ದ. ಅದನ್ನು ಸಹಿಸಿಕೊಂಡೆ. ಆದರೆ ಒಂದು ಪತ್ರ ನನಗೆ ಬೇಕೇ ಬೇಕಾಗಿತ್ತು. ತಾವು ಬೆಲ್ಲ ಹಿಡಿದು ನಿಂತಿದ್ದರೂ ತಮ್ಮ ಮೆಚ್ಚಿನ ಹೆಣ್ಣು ಕುದುರೆ ಸಾಹೇಬರ ಹೆಗಲಿಗೇ ಕತ್ತು ಒರಗಿಸಿತೆಂದೂ, ಅಂದು ತಮಗೆ ಊಟ ಸೇರಲಿಲ್ಲವೆಂದೂ ಅರಸರು ಅದರಲ್ಲಿ ಬರೆದಿದ್ದರು.

"ಇದು ಬೇಡ ಮೇಷ್ಟ್ರೇ," ಎಂದ ಗೆಳೆಯ. "ಲಾಯದೋರ ಮೇಲೆ ಮಹಾರಾಜರು ಹೊಟ್ಟೆಕಿಚ್ಚು ಪಡೋದಾ? ಜನ ನಗ್ತಾರೆ ಕಣ್ರೀ."

"ನಗ್ಲಿ ಬಿಡಯ್ಯ. ಬರ್ದೋರು ಅವರೇ ತಾನೆ?"

"ನಿಮಗಂತೂ ಬರ್ದಿಲ್ವಲ್ಲ! ಸುಮ್ನೆ ಪ್ರತಿ ಮಾಡಿ."

ಪುಸ್ತಕ ಬಂತು. ಓದಿದವರು ಚುಕ್ಕೆಗಳನ್ನು ಅರಸರ ಸಂಯಮವೆಂದುಕೊಂಡರು. ಎಂಥ ಶಾಂತ ಜೀವ ಎಂದು ಅವರನ್ನು ಹೊಗಳಿದರು; ಅವರ ಮನಸ್ಸನ್ನು ಅರಿತವನೆಂದು ಗೆಳೆಯನಿಗೆ ಸಭೆ ಕರೆದು ಶಾಲು ಹೊದೆಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಹೊಟ್ಟೆ ಉರಿಯುತ್ತಿತ್ತು.

ಸಭೆ ಮುಗಿದದ್ದೇ ಸಾಹೇಬರ ಮೊಮ್ಮಗಳು ನೇರವಾಗಿ ಗೆಳೆಯನ ಹತ್ತಿರ ಬಂದರು. "ಸರ್, ನಮ್ ತಾತನ್ ಹೆಗಲ್ ಮೇಲೆ ಕುದ್ರೆ ಕತ್ತಿಟ್ಟಿದ್ ಕಾಗ್ದ ಎಲ್ಲಿ? ಹಬ್ಬಕ್ಕೆ ಎಲ್ಲ ಸೇರಿದ್ರೆ ಅದನ್ನೇ ಓದ್ಕಂಡು ನಗೋದು ನಾವು. ಅದು ಬೇಡ ಅಂದ್ರೆ ಉಳಿದಿದ್ದೂ ವಾಪಸ್ ಕೊಡಿ."

ಎರಡನೇ ಮುದ್ರಣದಲ್ಲಿ ಪತ್ರ ಸೇರಿತು. ಜೊತೆಗೆ ಅವನ ಹೊಸ ಮುನ್ನುಡಿ: ಬಹುಕಾಲ ಯೋಚಿಸಿ, ಅರಸರೂ ಮನುಷ್ಯರೇ ಎಂದು ತೋರಿಸುವ ಧೈರ್ಯ ಮಾಡಿದ್ದಾನಂತೆ. ಆ ಧೈರ್ಯಕ್ಕೆ ಗುಬ್ಬಿಯಲ್ಲಿ ಇನ್ನೊಂದು ಸನ್ಮಾನ. ನನ್ನನ್ನು ಕರೆಯಲು ಅವನೇ ಮನೆಗೆ ಬಂದ.

"ಗೆದ್ರಲ್ಲ ಮೇಷ್ಟ್ರೇ, ನಿಮ್ ಕಾಗ್ದ ಸೇರ್ತು!"

ಸೇರಿತು, ನಿಜ. ಅರಸರ ಹೊಟ್ಟೆಕಿಚ್ಚನ್ನೂ ಅವನು ತನ್ನ ಹೆಸರಿಗೇ ಬರೆಸಿಕೊಂಡಿದ್ದ. ಕಾಫಿ ಕೊಟ್ಟು ಕಳಿಸಿದೆ. ಗುಬ್ಬಿಗೆ ಹೋಗಲಿಲ್ಲ.