ಗಿಟಾರಿಗೊಂದು ವೈರ್‌ಲೆಸ್

ನಾನು ಗಿಟಾರ್ ನುಡಿಸುವುದನ್ನು ನನ್ನ ಹೆಂಡತಿ ಕಸ್ತೂರಿ ಮದುವೆಯಾದ ಮೇಲೆ ಒಮ್ಮೆಯೂ ಕಂಡಿರಲಿಲ್ಲ. ಮನೆಯಲ್ಲಿ ನುಡಿಸಿದ್ದನ್ನು ಕಂಡಿದ್ದಾಳೆ, ಆದರೆ ಅದು ಲೆಕ್ಕಕ್ಕಿಲ್ಲ. ಆಂಪ್ಲಿಫೈಯರ್‌ಗೆ ಜೋಡಿಸದ ಎಲೆಕ್ಟ್ರಿಕ್ ಗಿಟಾರ್ ಪರದೆಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಷ್ಟೇ ಸದ್ದು ಮಾಡುತ್ತದೆ. ನಾನು ಹೇಳುತ್ತಿರುವುದು ವೇದಿಕೆಯ ಮಾತು.

ಸಿಂದಗಿಯ ಕಾಲೇಜಿನಲ್ಲಿ ಹಗಲು ಭೌತಶಾಸ್ತ್ರದ ಪಾಠ ಹೇಳುತ್ತಿದ್ದ ನಾನು ಸಂಜೆಯಾದರೆ ಆರ್ಕೆಸ್ಟ್ರಾದವನಾಗುತ್ತಿದ್ದೆ. ಇಂಡಿ ಊರಿನ ಬಸು ನಮ್ಮ ಗಾಯಕ, ಯಜಮಾನ, ಜೀಪಿನ ಚಾಲಕ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಮದುವೆ, ಗಣಪತಿ ಹಬ್ಬಗಳಿಗೆ ತಿರುಗುತ್ತಿದ್ದೆವು. ಎಲ್ಲ ಊರಿನಲ್ಲೂ ನನ್ನ ಜಾಗ ಒಂದೇ: ವೇದಿಕೆಯ ಮೂಲೆಯಲ್ಲಿ, ಆಳೆತ್ತರದ ಸ್ಪೀಕರ್ ಡಬ್ಬಿಯ ಹಿಂದೆ. ಗಿಟಾರಿನ ವೈರು ಅಲ್ಲಿಯವರೆಗೇ ಮುಟ್ಟುತ್ತಿತ್ತು.

ಒಮ್ಮೆ ಬಾಗೇವಾಡಿಯ ಕಾರ್ಯಕ್ರಮ ಮುಗಿದ ಮೇಲೆ, ನನ್ನ ನುಡಿಸಾಣಿಕೆ ಹೇಗಿತ್ತು ಎಂದು ಕಸ್ತೂರಿಯನ್ನು ಕೇಳಿದೆ. "ನಿಮ್ಮನ್ನ ಬಿಟ್ಟು ಎಲ್ಲಾರೂ ಕಂಡ್ರು ನೋಡ್ರಿ," ಎಂದಳು. "ಆ ಡಬ್ಬಿ ಹಿಂದ ನೀವ ಇದ್ರೋ, ಬ್ಯಾರೆ ಯಾರರೆ ಇದ್ರೋ, ನನಗೇನ ಗೊತ್ತು?" ಮುಂದಿನ ಸಲ ಕರೆದಾಗ ಬರಲೇ ಇಲ್ಲ. "ಕೇಳಾಕಷ್ಟ ಆದ್ರ ಮನ್ಯಾಗ ಕುಂತ್ರೂ ಕೇಳಿಸ್ತೈತಿ ಬಿಡ್ರಿ," ಅಂದುಬಿಟ್ಟಳು. ತಮಾಷೆಗೇ ಅಂದಿರಬಹುದು. ನನಗೆ ಮಾತ್ರ ನಿಜಕ್ಕೂ ನೋವಾಯಿತು. ಊರವರೆಲ್ಲ ಕೇಳಿ ಹೆಂಡತಿಯೊಬ್ಬಳು ಕಾಣದ ವಾದ್ಯಗಾರಿಕೆಯನ್ನು ಕಟ್ಟಿಕೊಂಡು ಏನು ಮಾಡುವುದು?

ಉದ್ದನೆಯ ವೈರು ತರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ತಂದಿದ್ದೆ. ಆದರೆ ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಹಾಡಿಗಿಂತ ಸತ್ಕಾರ ಹೆಚ್ಚು. ಹಾಡಿನ ನಡುವೆಯೇ ಶಾಲು, ಹಾರ, ತೆಂಗಿನಕಾಯಿ ಹಿಡಿದವರು ಮೆಟ್ಟಿಲು ಹತ್ತಿ ಬರುತ್ತಲೇ ಇರುತ್ತಾರೆ. ಒಬ್ಬ ಹಿರಿಯರು ನನ್ನ ವೈರಿಗೆ ಎಡವಿ, ಶಾಲು ಹೊದಿಸಬೇಕಾದವರನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಜನ ಅದನ್ನು ವಾತ್ಸಲ್ಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಗಿಟಾರು ಮಾತ್ರ ವೈರಿನ ತುದಿಯ ಜ್ಯಾಕು ಕಿತ್ತುಬಂದು ಮೂಕವಾಗಿ ನಿಂತಿತು.

ಯೋಚಿಸಿ ನೋಡಿದರೆ ನಮ್ಮ ಸೀಮೆಯ ವಾದ್ಯಗಳೆಲ್ಲ ಕಾಲುಳ್ಳವು. ಡೊಳ್ಳು ಕುಣಿಯುತ್ತ ಹೋಗುತ್ತದೆ. ಭಜನೆಯ ತಾಳ ಓಣಿ ಓಣಿ ಸುತ್ತುತ್ತದೆ. ಹಲಸಂಗಿ ಕಡೆಯ ಲಾವಣಿಯವರು ದಪ್ಪು, ತುಂತುಣಿ ಹಿಡಿದು ಕೇಳುವವರ ಮೂಗಿನ ಮುಂದೆಯೇ ಬಂದು ಸವಾಲು ಹಾಕುತ್ತಾರೆ. ಇಷ್ಟೆಲ್ಲ ವಾದ್ಯಗಳ ನಡುವೆ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಇರುವುದು ಎಲೆಕ್ಟ್ರಿಕ್ ಗಿಟಾರ್ ಒಂದೇ. ವಿದ್ಯುತ್ತು ಕಂಡುಹಿಡಿದವರು ನಮ್ಮ ಕಡೆಯವರಾಗಿದ್ದರೆ ಇಂಥ ಅನ್ಯಾಯಕ್ಕೆ ಒಪ್ಪುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ಕಸ್ತೂರಿಯ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ಆರ್ಕೆಸ್ಟ್ರಾ ನಮ್ಮದೇ. ಸೋದರತ್ತೆಯಾದ ಕಸ್ತೂರಿ ಬರಲೇಬೇಕು. ಆ ದಿನ ವೈರು ಕಳಚಿಟ್ಟು, ವೇದಿಕೆ ಇಳಿದು, ಹೆಣ್ಣುಮಕ್ಕಳು ಕೂತಲ್ಲಿಗೇ ನುಡಿಸುತ್ತ ಹೋಗಿ ಅವಳೆದುರು ನಿಲ್ಲಬೇಕು ಎಂದು ನಿರ್ಧರಿಸಿದೆ.

ವೈರ್‌ಲೆಸ್ ಎಂದರೆ ಎರಡು ಪೆಟ್ಟಿಗೆ. ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಗಿಟಾರಿನ ದನಿಯನ್ನು ಗಾಳಿಯಲ್ಲಿ ಕಳಿಸುತ್ತದೆ, ಸ್ಪೀಕರ್ ಬಳಿ ಇಟ್ಟದ್ದು ಹಿಡಿದುಕೊಳ್ಳುತ್ತದೆ. ವಿದೇಶಿ ಪೆಟ್ಟಿಗೆಗಳ ಬೆಲೆ ಕೇಳಿದೆ; ಆ ದುಡ್ಡಿಗೆ ಒಂದು ಹೈನದ ಎಮ್ಮೆ ಬರುತ್ತಿತ್ತು. ಆಗ ಬಸು, "ಏ ಸರ್, ಬಿಜಾಪುರದಾಗ ನಮ್ಮ ಬೀಗರ ಅಂಗಡಿ ಐತಿ. ನಮ್ಮವರ ಅದಾರ, ಸೋವಿ ಕೊಡ್ತಾರ," ಎಂದು ಕರೆದುಕೊಂಡು ಹೋದ.

ಹೋಗುವ ಮುನ್ನ ನಾನು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿದ್ದೆ. ಎಷ್ಟು ದೂರ ಹೋಗುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಯಾವ ತರಂಗದ ಮೇಲೆ ಓಡುತ್ತದೆ, ಬೇಕಾದರೆ ಬದಲಿಸಬಹುದೇ. ಆದರೆ ಅಂಗಡಿಯೊಳಗೆ ಕಾಲಿಡುವ ಮೊದಲೇ ಚಹಾ ಬಂತು. ಮನೆಯವರ ಆರೋಗ್ಯ ವಿಚಾರಿಸಿದ್ದಾಯಿತು. ಬೀಗರ ಅಂಗಡಿಯಲ್ಲಿ ಚಹಾ ಕುಡಿದವನು ಮಾಲಿನ ಬಗ್ಗೆ ಪ್ರಶ್ನೆ ಕೇಳಿದರೆ, ನಿಮ್ಮ ಮೇಲೆ ನಂಬಿಗೆಯಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಧೈರ್ಯ ಮಾಡಿ ದೂರವನ್ನಷ್ಟೇ ಕೇಳಿದೆ.

"ಎಲ್ಲಿ ಮಟಾ ಹೋಗ್ತೀರಿ, ಅಲ್ಲಿ ಮಟಾ ಬರ್ತೈತ್ರಿ," ಅಂದರು ಅಂಗಡಿಯವರು. "ನಿಮ್ಮ ಕಡಿ ಸೌಂಡಿನವರೆಲ್ಲಾ ಇದನ್ನ ಒಯ್ದಾರ. ಮುದ್ದೇಬಿಹಾಳದವರು ಹ್ವಾದ ವಾರ ಎರಡು ಮೈಕ್ ಒಯ್ದರಲ್ರಿ!"

ಇಷ್ಟು ಜನ ಒಯ್ದ ಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡೆ. ಒಂದೇ ತರಂಗದ ಎರಡು ದನಿ ಸೇರಿದರೆ ಬಲವಾದದ್ದೇ ಗೆಲ್ಲುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುವ ಈ ಮೇಷ್ಟ್ರು, ಸಂತೋಷದಿಂದ ಪೆಟ್ಟಿಗೆ ಕಟ್ಟಿಸಿಕೊಂಡು ಬಂದರು.

ಮದುವೆಯ ದಿನ ಅಕ್ಷತೆ ಮುಗಿದು ನಮ್ಮ ಹಾಡುಗಳು ಶುರುವಾದವು. ಸ್ವಲ್ಪ ಹೊತ್ತಿಗೆ ಬಸುವಿಗೆ ಕಣ್ಸನ್ನೆ ಮಾಡಿ ಡಬ್ಬಿಯ ಹಿಂದಿನಿಂದ ಹೊರಬಂದು ಮೆಟ್ಟಿಲಿಳಿದೆ. ನಾನು ದೂರ ಸರಿದರೂ ಗಿಟಾರಿನ ದನಿ ವೇದಿಕೆಯ ಮೇಲೇ ಉಳಿಯಿತು! ಮಕ್ಕಳು ಬೆನ್ನು ಹತ್ತಿದರು. ಎದೆ ಉಬ್ಬಿ ಶೇರ್ವಾನಿಯ ಗುಂಡಿ ಬಿಗಿಯಾಯಿತು. ಕಸ್ತೂರಿ ಹಂದರದಲ್ಲಿ ಇರಲಿಲ್ಲ. ಹೆಂಗಸರೆಲ್ಲ ಒಳಗಿನ ಪಡಸಾಲೆಯಲ್ಲಿದ್ದಾರೆ ಎಂದರು. ನುಡಿಸುತ್ತಲೇ ಪಡಸಾಲೆಯ ಬಾಗಿಲಿಗೆ ಹೋಗಿ ನಿಂತೆ.

ಅಲ್ಲಿ ಮದುಮಗಳಿಂದ ಗಂಡನ ಹೆಸರು ಹೇಳಿಸುವ ಶಾಸ್ತ್ರ ನಡೆದಿತ್ತು. ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳದ ನಮ್ಮ ಹೆಣ್ಣುಮಕ್ಕಳು ಇಂಥ ದಿನ ಅದನ್ನು ಒಡಪು ಎಂಬ ಪುಟ್ಟ ಪದ್ಯದಲ್ಲಿ ಕಟ್ಟಿ ಹೇಳುತ್ತಾರೆ. ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳಲೆಂದು ಮುದ್ದೇಬಿಹಾಳದ ಸೌಂಡಿನವರು ಅದೇ ಬೀಗರ ಅಂಗಡಿಯಿಂದ ತಂದ ಹೊಸ ವೈರ್‌ಲೆಸ್ ಮೈಕೊಂದನ್ನು ಕೊಟ್ಟಿದ್ದರು. ಮದುಮಗಳು ನಾಚಿ ತಲೆ ತಗ್ಗಿಸಿದ್ದಳು. "ಅತ್ತಿ, ಮೊದಲ ನೀ ಹೇಳು," ಅಂದಳು. ಕಸ್ತೂರಿ ಮೈಕು ತೆಗೆದುಕೊಂಡಳು. ಅವಳ ಬೆನ್ನು ನನ್ನ ಕಡೆಗಿತ್ತು. ಕರೆಯೋಣವೆಂದರೆ ಅವಳು ಮೈಕಿನ ಗುಂಡಿ ಒತ್ತಿಯೇಬಿಟ್ಟಳು.

ಹೊರಗೆ ನನ್ನ ಗಿಟಾರು ಸತ್ತಿತು. ಅದರ ಬದಲು ವೇದಿಕೆಯ ಡಬ್ಬಿಯಿಂದ, ಹಂದರದ ಜನರೆಲ್ಲ ಕೇಳುವ ಹಾಗೆ, ನನ್ನ ಹೆಂಡತಿಯ ದನಿ ಮೊಳಗಿತು:

"ಆಲಮಟ್ಟಿ ನೀರು ಬಂತು ಕಾಲವಿ ತುಂಬ,
ಡಬ್ಬಿ ಹಿಂದ ನಿಂತ್ರೂ ಕಾಣ್ತಾರ ಶಿವಾನಂದರು ಕಣ್ಣ ತುಂಬ!"

ಹಂದರಕ್ಕೆ ಹಂದರವೇ ಹೋ ಎಂದು ನಕ್ಕಿತು. ಬಸು ಹಾಡು ನಿಲ್ಲಿಸಿ ಚಪ್ಪಾಳೆ ತಟ್ಟಿದ. ನಾನು ಸದ್ದಿಲ್ಲದ ಗಿಟಾರಿನ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದೆ. ಕಣ್ಣು ತುಂಬಿ ಬಂದವು, ಮುಚ್ಚಿಟ್ಟು ಏನು ಮಾಡಲಿ! ಕಸ್ತೂರಿ ತಿರುಗಿ ನೋಡುವ ಮೊದಲೇ ಅಲ್ಲಿಂದ ಸರಿದು, ವೇದಿಕೆ ಹತ್ತಿ, ಹಳೆಯ ವೈರನ್ನು ಗಿಟಾರಿಗೆ ಸಿಕ್ಕಿಸಿ, ಡಬ್ಬಿಯ ಹಿಂದೆ ನನ್ನ ಜಾಗದಲ್ಲಿ ನಿಂತುಕೊಂಡೆ. ಅವಳು ಹೊರಗೆ ಬಂದು ನೋಡಿದರೆ ನಾನು ಅಲ್ಲಿರಬೇಕಲ್ಲ.