ನಾನು ಕಳುಹಿಸದ ನಿನ್ನ ಮತ

ನಿನ್ನ ಮತವನ್ನು ನಾನು ಕಳುಹಿಸಲಿಲ್ಲ, ವಸಂತಿ. ಕಳುಹಿಸಿದೆ ಎಂದದ್ದು ಸುಳ್ಳು. ನೀನಿರುವಾಗಲೇ ಹೇಳಬೇಕಿತ್ತು — ನಾಲಿಗೆಯವರೆಗೆ ಬಂದು ಎಷ್ಟೋ ಸಲ ಹಿಂದೆ ಹೋಯಿತು.

ನೀನು ಅಮೆರಿಕದ ಪ್ರಜೆ. ಗಂಡ ತೀರಿಕೊಂಡ ಮೇಲೆ ಪೆನ್ಸಿಲ್ವೇನಿಯಾದ ಮನೆ ಬಿಟ್ಟು ದೋಹಾದ ಕಾಲೇಜಿಗೆ ಕಲಿಸಲು ಬಂದೆ, ಅಲ್ಲಿನ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಮನೆಯಲ್ಲೇ ಉಳಿದೆ. ಮದುವೆಯಾಗಿ ಹೋದ ತಂಗಿ ಇಷ್ಟು ವರ್ಷಗಳ ಮೇಲೆ ನನಗೆ ಸಿಕ್ಕಿದ್ದಳು.

ನೀನು ಅಂಚೆಯ ಮತಪತ್ರ ತುಂಬುವಾಗ ನಿನ್ನ ಭಾವ ಕೆಣಕಿದರು: "ನಮಗೆ ಓಟು ಹಾಕ್ಲಿಕ್ಕೆ ಟಿಕೆಟ್ ತೆಗೆದು ಊರಿಗೇ ಹೋಗ್ಬೇಕು. ನಿನ್ನದು ಚಾ ಕುಡೀತಾ ಖಲಾಸ್. ಒಂದು ಓಟಿಂದ ಎಂತ ಆಗ್ತದೆ ಮಾರಾಯ್ತಿ?"

"ಬೇರೆ ರಾಜ್ಯ ಆಗಿದ್ರೆ ನಾನೂ ಬಿಡ್ತಿದ್ದೆ ಭಾವ. ನಮ್ಮಲ್ಲಿ ಎರಡೂ ಕಡೆ ಸಮಸಮ. ಒಂದು ಓಟು ಹೆಚ್ಚು ಬಂದ್ರೂ ರಾಜ್ಯದ ಅಷ್ಟೂ ಎಲೆಕ್ಟರುಗಳು ಗೆದ್ದವರಿಗೇ. ಅಧ್ಯಕ್ಷರನ್ನು ಆರಿಸುವುದು ಅವರು." ಆಮೇಲೆ ನನ್ನ ಕಡೆ ತಿರುಗಿದೆ. "ನಮ್ಮವರು ಗೆದ್ರೆ ಮಗಳ ಹತ್ರ ವಾಪಸ್ ಹೋಗ್ತೇನೆ ಅಕ್ಕ. ಇಲ್ಲಾಂದ್ರೆ ಆ ದೇಶ ಸಾಕು, ನಿನ್ನ ಮನೆಯೇ ಗತಿ."

ನೀನು ನಗುತ್ತಲೇ ಅಂದದ್ದು. ನನಗೆ ನಗು ಬರಲಿಲ್ಲ.

ಮುಶೈರಿಬ್‌ನ ನನ್ನ ಆಫೀಸಿನ ಕೆಳಗೇ ಕೊರಿಯರ್ ಅಂಗಡಿ ಇತ್ತು. ನೀನು ಕಳಿಸಲು ಕೊಟ್ಟ ಲಕೋಟೆ ಹಿಡಿದು ಅದರ ಮುಂದೆಯೇ ಹಾದು ಲಿಫ್ಟ್ ಹತ್ತಿದೆ. ಮರೆತದ್ದಲ್ಲ. ಯಾರೂ ಬರುವ ಮುಂಚೆ ಅದನ್ನು ಕಾಗದ ಚೂರು ಮಾಡುವ ಯಂತ್ರಕ್ಕೆ ಕೊಟ್ಟೆ. ಸಂಜೆ ನೀನು ಕೇಳಿದಾಗ "ಕಳಿಸಿದೆ" ಎಂದೆ.

ಪೆನ್ಸಿಲ್ವೇನಿಯಾ ಕೈತಪ್ಪಿತು, ಅದರೊಂದಿಗೆ ಚುನಾವಣೆಯೂ. ನೀನು ಟಿವಿ ಆರಿಸಿದೆ. "ನಮ್ಮ ಕೈಲಾದ್ದು ಮಾಡಿದ್ದೇವಲ್ಲ ಅಕ್ಕ" ಎಂದೆ. ನಾನು "ಹೌದು" ಎಂದೆ.

ಅಂತರ ಸಾವಿರಾರು ಮತಗಳದ್ದು. ನಿನ್ನದೊಂದು ಸೇರಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದರೆ ಆ ಬೆಳಿಗ್ಗೆ ನನಗದು ಗೊತ್ತಿರಲಿಲ್ಲ. ನೀನು ಹೇಳಿದ ಆ ಹೆಚ್ಚಿನ ಒಂದು ಓಟು ಇದೇ ಇರಬಹುದು ಎಂದು — ಅದನ್ನು ನಂಬಿಯೇ ನಾನು ಹಾಳುಮಾಡಿದೆ.

ನೀನು ಉಳಿದೆ. ಮುಂದಿನ ಬೇಸಿಗೆಯ ಒಂದು ಶುಕ್ರವಾರ, ಸಮುದ್ರ ನೋಡಿ ಬರುತ್ತೇನೆಂದು ಅಲ್ ಶಮಾಲ್ ಕಡೆಗೆ ಹೋದವಳ ಕಾರು ಅಪಘಾತಕ್ಕೆ ಸಿಕ್ಕಿತು. ಆಸ್ಪತ್ರೆಯವರು ನಿನ್ನ ಚಪ್ಪಲಿಯನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟರು. ಅಲ್ಲಿ, ಮಗಳ ಊರಿನಲ್ಲಿ ಇದ್ದಿದ್ದರೆ ನೀನು —

ನಿನ್ನ ಮಗಳು ದಿವ್ಯಾ ಬಂದಳು. ನನ್ನ ಹೆಗಲಿಗೆ ತಲೆಯಿಟ್ಟು, ತಡವರಿಸುವ ಕನ್ನಡದಲ್ಲಿ ಕೇಳಿದಳು: "ದೊಡ್ಡಮ್ಮ, ಲಾಸ್ಟಿಗೆ ಅಮ್ಮ ನಿಮ್ಮ ಜೊತೆ ಇದ್ರು. ಅವರಿಗೆ ಅದೇ ಬೇಕಿತ್ತು, ಅಲ್ವಾ?"

ನಾನು ತಲೆಯಾಡಿಸಿಬಿಟ್ಟೆ.

ವರ್ಷಗಳಾದವು. ಅವಳು ಈಗಲೂ ಅದನ್ನೇ ನಂಬಿ ಸಮಾಧಾನಪಟ್ಟುಕೊಳ್ಳುತ್ತಾಳೆ. ನಾಳೆ ಅವಳಿಗೆ ಫೋನು ಮಾಡುತ್ತೇನೆ. "ಬೇಕಿದ್ದದ್ದು ನಿನ್ನ ಅಮ್ಮನಿಗಲ್ಲ, ನನಗೆ" — ಅಲ್ಲಿಂದ ಶುರು ಮಾಡುತ್ತೇನೆ.