ಮರಣದ ಮನೆಗೆ ಶುಭ ಹಾರೈಕೆ

ಇವತ್ತು ನಮ್ಮ ಎಐ ಒಂದು ಮರಣದ ಮನೆಗೆ ಶುಭ ಹಾರೈಸಿತು ಮಾರಾಯ್ರೆ.

ಪುತ್ತೂರಿನಲ್ಲಿ ಹಮೀದಾಕನ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಉಂಟಲ್ಲ, ಅಲ್ಲಿ ವಾಟ್ಸ್ಯಾಪ್ ಬುಕಿಂಗ್ ಈಗ ಎಐ ನೋಡಿಕೊಳ್ಳುದು. ಬುಕಿಂಗ್ ಟೂಲನ್ನು ಅದು ಹೇಗೆ ಬಳಸಬೇಕು ಅಂತ ವಿವರ ಬರೆದುಕೊಟ್ಟದ್ದು ನಾನು. ಕಾರ್ಯಕ್ರಮ ಎಂತದ್ದು ಕೇಳು, ಊಟಕ್ಕೆ ಎಷ್ಟು ಜನ ಕೇಳು, ಕೊನೆಗೆ ಶುಭ ಹಾರೈಸು.

ಬೆಳಿಗ್ಗೆ ನರಿಮೊಗರಿನಿಂದ ಒಬ್ಬರು "ಅಮ್ಮ ತೀರಿಕೊಂಡರು, ಕುರ್ಚಿ ಬೇಕಿತ್ತು" ಅಂತ ಮೆಸೇಜ್ ಹಾಕಿದ್ದಾರೆ. ನಾನು ಬರೆದ ಹಾಗೆಯೇ ಎಐ ಎಲ್ಲವನ್ನೂ ಕೇಳಿದೆ. ಪಾಪ, ಅವರು ಉತ್ತರವನ್ನೂ ಕೊಟ್ಟಿದ್ದಾರೆ. ಕೊನೆಗೆ ಇದರ ಮಾತು: "ನಿಮ್ಮ ಸಮಾರಂಭ ಚೆನ್ನಾಗಿ ನಡೆಯಲಿ!"

ಹಮೀದಾಕನಿಗೆ ಸಿಟ್ಟು ನೆತ್ತಿಗೇರಿತ್ತು. "ಸಾವಿನ ಮನೆ ಅಂದ್ರೆ ಕುರ್ಚಿ ಮೊದಲು ಹೋಗುದು. ಎಂತದ್ದೂ ಕೇಳುವ ಕ್ರಮ ಇಲ್ಲ. ನಿನಗೆ ಗೊತ್ತಿಲ್ವಾ?"

"ಗೊತ್ತುಂಟು. ಆದ್ರೆ ನಾನು ಬರೆದದ್ದನ್ನು ನೀವೂ ಓದಿ ಸರಿ ಉಂಟು ಅಂದಿದ್ರಿ."

"ಇದನ್ನೆಲ್ಲ ಬರೆದಿಡಬೇಕಾಗ್ತದೆ ಅಂತ ಯಾರಿಗೆ ಗೊತ್ತು ಮಾರಾಯ" ಅಂತ ಹೇಳಿ ಹಮೀದಾಕ ಕುರ್ಚಿಯ ಗಾಡಿ ಹತ್ತಿ ತಾವೇ ಹೋದರು.

ನಾನು ವಿವರಕ್ಕೆ ಸೇರಿಸಿದೆ: "ಮರಣದ ಮನೆಯಾದರೆ ಮನೆ ಎಲ್ಲಿ ಅಂತ ಮಾತ್ರ ಕೇಳು. ಕುರ್ಚಿ ಕಳಿಸು. ಸುಮ್ಮನಿರು."

ವಾಪಸ್ ಬಂದ ಹಮೀದಾಕ ಅದನ್ನು ಎರಡೆರಡು ಸಲ ಓದಿದರು. "ಅಲ್ಲಿ ಬಂದವರೆಲ್ಲ ಆ ಮಗನ ಹತ್ರ ಅಮ್ಮನಿಗೆ ಶುಗರ್ ಇತ್ತಾ, ಯಾವ ಆಸ್ಪತ್ರೆ, ಮೊದಲೇ ಯಾಕೆ ತೋರಿಸಲಿಲ್ಲ ಅಂತ ಕೇಳ್ತಾ ಇದ್ರು. ಅವರಿಗೂ ಇದನ್ನೊಂದು ಫಾರ್ವರ್ಡ್ ಮಾಡು."